ಶೂಗೆಷ್ಟು, ಹೆಸರಿಗೆಷ್ಟು?

ಫೆಬ್ರವರಿಯಲ್ಲಿ ಸೇವಾಲಾಲ್ ಜಯಂತಿಗೆ ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪಕ್ಕೆ ಹೋಗಿದ್ವಿ. ಸಂತ ಸೇವಾಲಾಲರು ಹುಟ್ಟಿದ ಊರು ಅಂತ ಇಲ್ಲಿನವರ ನಂಬಿಕೆ, ಬಂಜಾರರ ದೊಡ್ಡ ಕ್ಷೇತ್ರ. ಜೊತೆಗೆ ಬೆಂಗಳೂರಲ್ಲಿರೋ ಅಕ್ಕನ ಮಗನೂ ಬಂದಿದ್ದ. ಎಲ್ರೂ ಚಪ್ಪಲಿ ಬಿಟ್ಟು ಗುಡಿಯೊಳಗೆ ಹೊರಟ್ರೆ ಇವನು ಮಾತ್ರ ಹೊರಗೇ ನಿಂತ.

"ಮಾಮ, ನೀವು ಹೋಗ್ಬನ್ನಿ. ಇದು ಜೋರ್ಡನ್ ಶೂ, ಹದಿನಾಲ್ಕು ಸಾವಿರ!"

ನಗು ಬಂತು, ಆಮೇಲೆ ಬೇಜಾರಾಯ್ತು. ದೂರದ ತಾಂಡಾಗಳಿಂದ ನಡೆದೇ ಬಂದವರು ಸಾಲಲ್ಲಿ ನಿಂತಿದ್ರು. ನಮ್ಮ ಹುಡುಗ ಶೂ ಕಾಯ್ತಿದ್ದ!

ಮೈಕೆಲ್ ಜೋರ್ಡನ್ ಹೆಸರಿನ ಮೊದಲ ಶೂ 1985ರಲ್ಲಿ ಅಂಗಡಿಗೆ ಬಂದಾಗ ಬೆಲೆ 65 ಡಾಲರ್. ಇನ್ನೊಬ್ಬ ಎನ್‌ಬಿಎ ಆಟಗಾರ ಸ್ಟೆಫಾನ್ ಮಾರ್ಬರಿ 2006ರಲ್ಲಿ ತನ್ನ ಹೆಸರಿನ ಶೂವನ್ನ 14.98 ಡಾಲರ್‌ಗೇ ಮಾರಾಟಕ್ಕೆ ತಂದ, ಬಡವರ ಮಕ್ಕಳಿಗೂ ಎಟುಕಲಿ ಅಂತ. ಅದನ್ನೇ ಹಾಕ್ಕೊಂಡು ತಾನೂ ಆಡಿದ.

ಡಿಸೈನು, ಜಾಹೀರಾತು, ಅಂಗಡಿಯವರ ಪಾಲು, ಆಟಗಾರನ ರಾಯಲ್ಟಿ ಎಲ್ಲಾ ಸೇರುತ್ತೆ, ಒಪ್ತೀನಿ. ಗಟ್ಟಿ ಅಟ್ಟೆಗೆ, ಕಾಲು ಉಳುಕದ ಹಾಗೆ ಹಿಡಿಯೋ ಶೂಗೆ ನಾನೂ ದುಡ್ಡು ಕೊಟ್ಟೇನು. ಆದ್ರೆ ಬಾಸ್ಕೆಟ್‌ಬಾಲನ್ನೇ ಮುಟ್ಟದವನು ಕೊಡೋದು ಬರೀ ಹೆಸರಿಗೆ, ಅಲ್ವಾ?

ಬೈಯೋಣ ಅಂತ ಬಾಯಿ ತೆರೆದೆ. "ಮೊದಲ ಸಂಬಳದ್ದು ಮಾಮ..." ಅಂದ. ಸುಮ್ಮನಾದೆ. ಅವನು ದುಡಿದ ದುಡ್ಡು.

ಕೊನೆಗೆ ಅವನನ್ನ ಒಳಗೆ ಕಳಿಸಿ, ಶೂ ಪಕ್ಕ ನಾನೇ ಕೂತೆ. ಕಾಲು ಕಾಯಬೇಕಾದ ಶೂವನ್ನ ನಾವೇ ಕಾಯೋ ಹಾಗಾದ್ರೆ ಬೆಲೆ ಜಾಸ್ತಿಯೇ ಆಯ್ತು ಅನ್ಸುತ್ತೆ. ನೀವೇನಂತೀರಿ?