ಕರಿಬೇವಿನ ಗಿಡದ ವೇಷಗಾತಿ

'ನಕಲು' ಎಂಬ ಮಾತು ಕಿವಿಗೆ ಬಿದ್ದರೆ, ಮೂವತ್ತೆರಡು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ನಿಂತ ನನ್ನ ಹುಬ್ಬು ಇಂದಿಗೂ ತಾನಾಗಿಯೇ ಗಂಟಿಕ್ಕುತ್ತದೆ. ಆದರೆ ನಿವೃತ್ತಿಯ ನಂತರ ಹಿತ್ತಲಿನ ಕರಿಬೇವಿನ ಗಿಡ ಪರಿಚಯಿಸಿದ ನಕಲುಗಾತಿಯೊಬ್ಬಳನ್ನು ಕುರಿತು ಮೆಚ್ಚುಗೆಯಿಂದಲೇ ಬರೆಯಬೇಕಾಗಿದೆ.

ಆಕೆ ಕಾಮನ್ ಮಾರ್ಮನ್ ಎಂಬ ಚಿಟ್ಟೆ. 1758ರಲ್ಲಿ ಲಿನೇಯಸ್ ಇಟ್ಟ ಹೆಸರಿನಿಂದ ಈಗ ಇದನ್ನು ಪ್ಯಾಪಿಲಿಯೊ ಪಾಲಿಟೀಸ್ ಎನ್ನುತ್ತಾರೆ. ಕರಿಬೇವು, ನಿಂಬೆ ಮುಂತಾದ ಗಿಡಗಳ ಎಳೆಯ ಎಲೆಗಳ ಮೇಲೆ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಹುಳುವಿನದು ಮೊದಲು ಹಕ್ಕಿಯ ಹಿಕ್ಕೆಯ ವೇಷ. ಬೆಳೆದಂತೆ ಎಲೆಯ ಹಸಿರನ್ನೇ ತೊಡುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೋಡೊಂದನ್ನು ಹೊರಚಾಚಿ ಘಾಟು ವಾಸನೆ ಬೀರುತ್ತದೆ.

ರೆಕ್ಕೆ ಬಂದ ಮೇಲಿನ ಕಥೆ ಇನ್ನೂ ಸ್ವಾರಸ್ಯಕರ. ಗಂಡು ಕಪ್ಪು ಬಣ್ಣದ್ದು. ಹಿಂದಿನ ರೆಕ್ಕೆಯಲ್ಲಿ ಬಿಳಿ ಚುಕ್ಕೆಗಳ ಸಾಲು. ನಮ್ಮ ನಾಡಿನಲ್ಲಿ ಹೆಣ್ಣಿಗೆ ಮಾತ್ರ ಮೂರು ರೂಪ. ಒಂದು ಗಂಡನ್ನೇ ಹೋಲುತ್ತದೆ. ಇನ್ನೊಂದು ಕಾಮನ್ ರೋಸ್ ಚಿಟ್ಟೆಯನ್ನು, ಮತ್ತೊಂದು ಕ್ರಿಮ್ಸನ್ ರೋಸ್ ಚಿಟ್ಟೆಯನ್ನು ಹೋಲುತ್ತವೆ. ಮಲಯ ದ್ವೀಪಗಳಲ್ಲಿ ಎಂಟು ವರ್ಷ ಅಲೆದ ವ್ಯಾಲೆಸ್ ಮಹಾಶಯನು 1865ರ ತನ್ನ ಪ್ರಬಂಧದಲ್ಲಿ ಈ ಬಹುರೂಪವನ್ನು ವಿವರಿಸಿದನು. ಈ ವೇಷವನ್ನು ನಿಯಂತ್ರಿಸುವುದು 'ಡಬಲ್‌ಸೆಕ್ಸ್' ಎಂಬ ಒಂದೇ ಜೀನ್ ಎಂದು ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಕುಂಟೆಯವರ ಪ್ರಯೋಗಾಲಯ ಇರುವುದು ನಮ್ಮ ಬೆಂಗಳೂರಿನಲ್ಲೇ ಎಂಬುದು ಸಂತೋಷದ ಸಂಗತಿ.

ಈ ವೇಷವೇಕೆ? ರೋಸ್ ಚಿಟ್ಟೆಗಳ ಹುಳುಗಳು ಈಶ್ವರಿ ಬಳ್ಳಿಯ ಎಲೆ ತಿಂದು ಅದರ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುತ್ತವೆ. ಒಮ್ಮೆ ಬಾಯಿಟ್ಟು ಪರಿತಪಿಸಿದ ಹಕ್ಕಿ ಮತ್ತೆ ಅಂಥ ರೆಕ್ಕೆಯ ತಂಟೆಗೆ ಹೋಗುವುದಿಲ್ಲ. ವಿಷವಿಲ್ಲದ ನಮ್ಮ ಮಾರ್ಮನ್ ಆ ಭಯದ ನೆರಳಿನಲ್ಲಿ ಬದುಕುತ್ತದೆ. ನಿಧಾನವಾಗಿ ಹಾರುವ ಠೀವಿಯನ್ನೂ ಕಲಿತಿದೆ. ಗುರುತಿಸಬೇಕೆಂದರೆ ಮೈ ನೋಡಿ: ರೋಸ್ ಚಿಟ್ಟೆಗಳ ಮೈಯಲ್ಲಿ ಕೆಂಪಿರುತ್ತದೆ, ಮಾರ್ಮನ್ ಮೈ ಕಪ್ಪು.

ಆದರೆ ಈ ಜಾಣತನಕ್ಕೆ ಒಂದು ಮಿತಿಯಿದೆ. ನಕಲು ಮಾಡುವವನ ಪಕ್ಕದಲ್ಲಿ ನಿಜವಾಗಿ ಓದಿಬಂದವನೊಬ್ಬ ಕುಳಿತಿರಲೇಬೇಕಲ್ಲವೇ? ಅಸಲಿ ಚಿಟ್ಟೆಗಳು ವಿರಳವಾದರೆ ಹಕ್ಕಿಗಳಿಗೆ ಪಾಠ ಹೇಳುವವರೇ ಇಲ್ಲ. ಆಗ ವೇಷಕ್ಕೆ ಬೆಲೆಯೂ ಇಲ್ಲ. ಮಾರ್ಮನ್ ಎಂದೂ ಬಾಯಿಡದ ಈಶ್ವರಿ ಬಳ್ಳಿಯ ಮೇಲೆಯೇ ಅದರ ವೇಷದ ಭಾಗ್ಯ ನಿಂತಿದೆ!

ನನ್ನ ಬಾಲ್ಯದಲ್ಲಿ ನಮ್ಮೂರ ಬೇಲಿಗಳಲ್ಲಿ ಈ ಬಳ್ಳಿ ಯಾರೂ ನೆಡದೆಯೇ ಹಬ್ಬುತ್ತಿತ್ತು. ಇಂದು ಬೇಲಿಗಳಿದ್ದಲ್ಲೆಲ್ಲ ಸಿಮೆಂಟಿನ ಕಾಂಪೌಂಡು ಗೋಡೆಗಳೆದ್ದಿವೆ. ನಮ್ಮ ಬೀದಿಯಲ್ಲಿ ಕರಿಬೇವು ಇಲ್ಲದ ಮನೆಯಿಲ್ಲ, ಈಶ್ವರಿ ಬಳ್ಳಿ ಇರುವ ಮನೆ ಒಂದೂ ಇಲ್ಲ. ನಕಲು ಮಾಡುವವರಿಗೆ ಊಟವಿದೆ, ಅಸಲಿಗಳಿಗೆ ಇಲ್ಲ.

ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಎರಡು ವಿನಂತಿ. ಕರಿಬೇವಿನ ಮೇಲೆ ಹುಳು ಕಂಡೊಡನೆ ಔಷಧಿ ಸಿಂಪಡಿಸಬೇಡಿ. ಒಗ್ಗರಣೆಗೆ ನಾಲ್ಕು ಎಲೆ ಕಡಿಮೆಯಾದರೆ ಸಾರು ಕೆಡುವುದಿಲ್ಲ. ಅಂಗಳದಲ್ಲಿ ಒಂದು ಗೇಣು ಮಣ್ಣಿದ್ದರೆ ಈಶ್ವರಿ ಬಳ್ಳಿಯೊಂದನ್ನು ಹಬ್ಬಿಸಿ. ಹಿರಿಯರು ಹೇಳಿದರೆಂದು ಅದರ ಬೇರನ್ನು ಮಾತ್ರ ತೇದು ಕುಡಿಯಬೇಡಿ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡಕ್ಕೆ ಮಾರಕ. ಬಳ್ಳಿ ಚಿಟ್ಟೆಗಳಿಗಿರಲಿ.