ಪತ್ರಿಕೆ ಒಂದ್ಸಲ ನೋಡಿಬಿಡಿ ಮೇಷ್ಟ್ರೇ

ನಮ್ಮ ದೊಡ್ಡಬಳ್ಳಾಪುರದ ಕಡೆ ಮದುವೆ ಗೊತ್ತಾಯಿತೆಂದರೆ ಮೊದಲು ಛತ್ರ ಹಿಡಿಯುತ್ತಾರೆ, ಆಮೇಲೆ ಅಡುಗೆಯವರನ್ನು ಹಿಡಿಯುತ್ತಾರೆ, ಅದಾದ ಮೇಲೆ ನನ್ನನ್ನು ಹಿಡಿಯುತ್ತಾರೆ. ಛತ್ರಕ್ಕೂ ಅಡುಗೆಯವರಿಗೂ ಅಡ್ವಾನ್ಸ್ ಉಂಟು. ನನಗೆ ಅದೂ ಇಲ್ಲ, ಬಂದವರಿಗೆ ನಾನೇ ಕಾಫಿ ಕೊಡಬೇಕು. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ರಿಟೈರಾದವನಿಗೆ ಲಗ್ನಪತ್ರಿಕೆಯ ಪ್ರೂಫು ನೋಡುವ ಕೆಲಸ ಪಿಂಚಣಿಯ ಜೊತೆಗೇ ಬರುತ್ತದೆಂದು ಊರು ತೀರ್ಮಾನಿಸಿಬಿಟ್ಟಿದೆ.

"ಏನೂ ಇಲ್ಲ ಮೇಷ್ಟ್ರೇ, ಸುಮ್ನೆ ಒಂದ್ಸಲ ನೋಡಿಬಿಡಿ. ಏನಾದ್ರೂ ಸರಿ ಇಲ್ಲ ಅನ್ಸಿದ್ರೆ ಮುಲಾಜಿಲ್ದೆ ಹೇಳ್ಬೇಕು."

ಮುಲಾಜಿಲ್ಲದೆ ಹೇಳಿ ಎಂದವರು ಕೇಳಬಯಸುವುದು "ಚೆನ್ನಾಗಿದೆ" ಎಂಬ ಒಂದೇ ಮಾತನ್ನು. ಅದನ್ನು ಹೇಳಿಬಿಟ್ಟರೆ ಕಾಫಿ ಆರುವ ಮೊದಲೇ ಕೆಲಸ ಮುಗಿಯುತ್ತದೆ. ನನ್ನ ಜಾಯಮಾನಕ್ಕೆ ಅದು ಬರುವುದಿಲ್ಲ.

ಕಾಗುಣಿತದಲ್ಲಿ ತೊಂದರೆಯೇನಿಲ್ಲ. 'ಆಶೀರ್ವಾದ' ಹೋಗಿ 'ಅರ್ಶೀವಾದ' ಆಗಿದ್ದರೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಬಹುದು, ಯಾರಿಗೂ ಬೇಜಾರಿಲ್ಲ. ತಪ್ಪು ಡಿಟಿಪಿ ಹುಡುಗನದು, ಹುಡುಗ ಅಲ್ಲಿಲ್ಲ. ರಗಳೆ ಶುರುವಾಗುವುದು ಯಾವುದು ಮೇಲೆ, ಯಾವುದು ಕೆಳಗೆ, ಯಾವುದು ದಪ್ಪ, ಯಾವುದು ಸಣ್ಣ ಎಂದು ನಾನು ಬಾಯಿಬಿಟ್ಟಾಗ. ಪತ್ರಿಕೆಯನ್ನು ಅವರು ನೋಡುವ ವಸ್ತು ಎಂದುಕೊಂಡಿದ್ದಾರೆ. ನಾನು ಅದನ್ನು ಬಳಸುವ ವಸ್ತು ಎಂದುಕೊಂಡಿದ್ದೇನೆ. ಇಷ್ಟು ವರ್ಷಗಳಲ್ಲಿ ಎರಡೂ ಕಡೆಯವರು ಒಂದಿಂಚೂ ಜರುಗಿಲ್ಲ.

ಪತ್ರಿಕೆ ಬಳಸುವವರು ಯಾರು? ಕಾರಿನವರಲ್ಲ, ಅವರಿಗೆ ಫೋನೇ ದಾರಿ ಹೇಳುತ್ತದೆ. ಸಾಸಲು ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟು, ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ನೆಲಮಂಗಲದ ಬಸ್ಸು ಯಾವುದು ಎಂದು ಹುಡುಕುವ ದೊಡ್ಡಪ್ಪ ಇದ್ದಾರಲ್ಲ, ಅವರು. ಪತ್ರಿಕೆ ನಾಲ್ಕು ಮಡಿಕೆಯಾಗಿ ಅವರ ಅಂಗಿಯ ಜೇಬಿನಲ್ಲಿದೆ. ಕನ್ನಡಕ ಮನೆಯಲ್ಲಿದೆ. ಅವರು ಅದನ್ನು ತೆಗೆದು ಕಂಡಕ್ಟರ್ ಕೈಗೆ ಕೊಡುತ್ತಾರೆ. ಒಂದು ಕೈಯಲ್ಲಿ ಕಂಬಿ ಹಿಡಿದ ಕಂಡಕ್ಟರು ಇನ್ನೊಂದು ಕೈಯಲ್ಲಿ ಪತ್ರಿಕೆ ಬಿಚ್ಚುತ್ತಾನೆ. ಅವನಿಗೆ ಕಾಣುವುದು ಮೊದಲು ಗಣಪತಿ. ಆಮೇಲೆ ಘಾಟಿ ಸುಬ್ರಹ್ಮಣ್ಯಸ್ವಾಮಿ ಪ್ರಸನ್ನ, ಶಿವಗಂಗೆ ಗಂಗಾಧರೇಶ್ವರಸ್ವಾಮಿ ಪ್ರಸನ್ನ, ಚೌಡೇಶ್ವರಿ ಅಮ್ಮನವರು ಪ್ರಸನ್ನ. ದೇವರುಗಳು ದಾಟಿದ ಮೇಲೆ ಶಾಲಿವಾಹನ ಶಕ 1947ನೆಯ ವಿಶ್ವಾವಸುನಾಮ ಸಂವತ್ಸರದ ಮಾಸ, ಪಕ್ಷ, ತಿಥಿ, ನಕ್ಷತ್ರ. ಅಷ್ಟರಲ್ಲಿ ಹಿಂದಿನ ಸೀಟಿನವರು ಟಿಕೆಟ್ ಕೇಳುತ್ತಾರೆ. ಛತ್ರದ ಹೆಸರು ಎಲ್ಲಿದೆ? ಕೆಳಗಡೆ, ಮೆರೂನ್ ಬಣ್ಣದ ಮೇಲೆ ಚಿನ್ನದ ಬಣ್ಣದ ಸಣ್ಣಕ್ಷರದಲ್ಲಿ, ಸರಿಯಾಗಿ ಮಡಿಕೆಯ ಮೇಲೆ. ಜೇಬಿನ ಬೆವರಿಗೆ ಮಡಿಕೆಯ ಬಣ್ಣ ಎದ್ದುಹೋಗಿ ಉಳಿದಿರುವುದು 'ಶ್ರೀ' ಮತ್ತು 'ಕಲ್ಯಾಣ ಮಂಟಪ'. ನಡುವಿನದು ದೇವರಿಗೇ ಗೊತ್ತು, ಅದೂ ಮೇಲಿರುವ ಮೂವರಲ್ಲಿ ಯಾರಿಗೋ.

ಹಾಗಾಗಿ ಪ್ರೂಫು ಕೈಗೆ ಬಂದ ಕೂಡಲೇ ನಾನು ಅದನ್ನು ನಾಲ್ಕಾಗಿ ಮಡಿಸುತ್ತೇನೆ. ತಂದವರ ಮುಖ ಸಪ್ಪಗಾಗುತ್ತದೆ. "ಅಯ್ಯೋ, ಮಡಿಸ್ಬೇಡಿ ಮೇಷ್ಟ್ರೇ!" ಎಂದು ಕೈ ಚಾಚುತ್ತಾರೆ. ಮಡಿಸಲೇಬಾರದು ಅನ್ನುವಂಥ ಪತ್ರಿಕೆಯನ್ನು ಮಡಿಸಿ ಇಟ್ಟುಕೊಳ್ಳುವವರಿಗೆ ಯಾಕಪ್ಪ ಹಂಚುತ್ತೀರಿ ಎಂದು ನಾನು ಕೇಳುತ್ತೇನೆ. ಉತ್ತರ ಬರುವುದಿಲ್ಲ.

ದಾರಿಯ ನಕ್ಷೆ ಹಾಕಿಸುವ ಪುಣ್ಯಾತ್ಮರೂ ಇದ್ದಾರೆ, ಆದರೆ ಅದನ್ನು ಹಿಂಬದಿಗೆ ಹಾಕಿಸುತ್ತಾರೆ. ನಮ್ಮ ಘಾಟಿಯಲ್ಲಿ ಸುಬ್ರಹ್ಮಣ್ಯ ಪೂರ್ವಕ್ಕೆ, ಅದೇ ವಿಗ್ರಹದ ಬೆನ್ನಿಗೆ ನರಸಿಂಹ ಪಶ್ಚಿಮಕ್ಕೆ. ಹಿಂದಿರುವ ನರಸಿಂಹ ಭಕ್ತರಿಗೆ ಕಾಣಲೆಂದು ಗರ್ಭಗುಡಿಯಲ್ಲಿ ಕನ್ನಡಿ ಇಟ್ಟಿದ್ದಾರೆ. ಪತ್ರಿಕೆಯ ಬೆನ್ನಿಗೆ ಅಂಥದೊಂದು ಕನ್ನಡಿ ಇಡುವವರು ಯಾರು?

ಇನ್ನು ಊರಿನ ಹೆಸರು. ಇದರಲ್ಲಂತೂ ನನ್ನ ಮಾತು ಕೇಳದವರಿಗೆ ಫಲ ಕೈಮೇಲೇ ಸಿಕ್ಕಿದೆ. ದೇವನಹಳ್ಳಿ ತಾಲ್ಲೂಕಿನಲ್ಲಿ ವಿಜಯಪುರ ಅಂತ ಒಂದು ಊರಿದೆ. 2014ರ ನವೆಂಬರ್ 1ರಂದು ಸರ್ಕಾರ ಬಿಜಾಪುರಕ್ಕೂ ವಿಜಯಪುರ ಅಂತ ಹೆಸರಿಟ್ಟಿತು. ಎರಡಕ್ಕೂ ನಡುವೆ ಐನೂರು ಕಿಲೋಮೀಟರಿಗೂ ಮಿಕ್ಕ ದೂರ. ನಮ್ಮ ಬೀದಿಯ ಹುಡುಗನೊಬ್ಬನ ಪತ್ರಿಕೆಯಲ್ಲಿ 'ವಿಜಯಪುರ' ಅಂತಷ್ಟೇ ಇತ್ತು. ಪಕ್ಕದಲ್ಲಿ 'ದೇವನಹಳ್ಳಿ ತಾ||' ಅಂತ ಸೇರಿಸಿ ಎಂದೆ. "ಎಲ್ರಿಗೂ ಗೊತ್ತು ಮೇಷ್ಟ್ರೇ, ಜಾಗ ಇಲ್ಲ" ಎಂದರು. ಹುಡುಗನ ಜೊತೆ ಕೆಲಸ ಮಾಡುವ ಬಿಜಾಪುರ ಕಡೆಯ ಗೆಳೆಯನಿಗೆ ಪತ್ರಿಕೆ ನೋಡಿ ಕಣ್ಣಲ್ಲಿ ನೀರೇ ಬಂತಂತೆ. "ನಮ್ಮೂರಾಗ ಮದುವಿ ಇಟ್ಕೊಂಡೀಯಲ್ಲೋ!" ಎಂದು ತಬ್ಬಿಕೊಂಡು, ನೀವು ಮುಂದೆ ನಿಂತು ನೋಡಿಕೊಳ್ಳಿ ಎಂದು ಊರಲ್ಲಿದ್ದ ತಾಯಿಗೆ ಫೋನು ಮಾಡಿದ. ಆಕೆ ಎರಡು ದಿನ ಆ ಛತ್ರ ಹುಡುಕಿದರು.

ಅದೇ ತಾಲ್ಲೂಕಿನಲ್ಲಿ ಚನ್ನರಾಯಪಟ್ಟಣ ಹೋಬಳಿಯಿದೆ. ಹಾಸನ ಜಿಲ್ಲೆಯಲ್ಲಿ ಚನ್ನರಾಯಪಟ್ಟಣ ತಾಲ್ಲೂಕೇ ಇದೆ. ನಮ್ಮಲ್ಲಿ ಮಧುರೆ ಹೋಬಳಿಯಿದೆ. ಪತ್ರಿಕೆಯ ಇಂಗ್ಲಿಷ್ ಬದಿಯನ್ನು ಅವಸರದಲ್ಲಿ ಓದಿದವರು ಮೀನಾಕ್ಷಿಯ ದರ್ಶನಕ್ಕೇ ಹೊರಟಾರು. ಇವೆಲ್ಲಕ್ಕೂ ಕೆಳಗೆ 'ಬೆಂಗಳೂರು ಗ್ರಾಮಾಂತರ ಜಿಲ್ಲೆ' ಎಂದು ಬರೆದರೆ ಗೊಂದಲ ಮುಗಿಯುತ್ತಿತ್ತು. 1986ರಲ್ಲಿ ಹುಟ್ಟಿದ ಜಿಲ್ಲೆ ಅದು. 2007ರಲ್ಲಿ ರಾಮನಗರದವರು ಪಾಲು ತೆಗೆದುಕೊಂಡು ಹೋದ ಮೇಲೆ ನಾವು ನಾಲ್ಕೇ ತಾಲ್ಲೂಕಿನವರು ಉಳಿದೆವು. ಜಿಲ್ಲೆ ನಮ್ಮದಾದರೂ ಅದರ ಕಚೇರಿ ಬಹಳ ಕಾಲ ಬೆಂಗಳೂರು ನಗರದೊಳಗೇ ಇತ್ತು. ಕೊನೆಗೆ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರಕ್ಕೆ ಬಂತು. ಅಡ್ರೆಸ್ಸು ಒಂದು ನೆಲೆಗೆ ಬಂತಲ್ಲ ಅಂದುಕೊಳ್ಳುವಾಗ 2025ರ ಜುಲೈನಲ್ಲಿ ಸಚಿವ ಸಂಪುಟ ನಂದಿಬೆಟ್ಟದಲ್ಲಿ ಸಭೆ ಸೇರಿ, ಇನ್ನು ಇದು 'ಬೆಂಗಳೂರು ಉತ್ತರ' ಎಂದು ತೀರ್ಮಾನಿಸಿತು. ಬೆಂಗಳೂರು ಉತ್ತರ ಅಂತ ನಗರ ಜಿಲ್ಲೆಯಲ್ಲಿ ಒಂದು ತಾಲ್ಲೂಕು ಮೊದಲೇ ಇದೆ. ಬೆಂಗಳೂರು ಉತ್ತರ ಅಂತ ಒಂದು ಲೋಕಸಭಾ ಕ್ಷೇತ್ರವೂ ಇದೆ. ನಾವು ಮಾತ್ರ ಅದರಲ್ಲಿಲ್ಲ, ನಾವು ಓಟು ಹಾಕುವುದು ಚಿಕ್ಕಬಳ್ಳಾಪುರಕ್ಕೆ. ಸಂಪುಟದವರೂ ಪ್ರೂಫು ಹಿಡಿದುಕೊಂಡು ಬಂದಿದ್ದರೆ ಒಂದು ಲೋಟ ಕಾಫಿ ಕೊಟ್ಟು ಹೇಳುತ್ತಿದ್ದೆ.

ಮೊದಲು ಹೀಗಿರಲಿಲ್ಲ ಎಂದರೆ ನನ್ನ ವಯಸ್ಸಿನವರೆಲ್ಲ ಹೇಳುವ ಮಾತಾಯಿತು. ಆದರೆ ಇದೊಂದರಲ್ಲಿ ನಿಜಕ್ಕೂ ಹೀಗಿರಲಿಲ್ಲ. ಪೇಟೆಯ ಒಂದು ಓಣಿಯಲ್ಲಿ ಟ್ರೆಡಲ್ ಮಷೀನಿನ ಸಣ್ಣ ಪ್ರೆಸ್ಸಿತ್ತು. ಸುತ್ತಲಿನ ಮನೆಗಳಲ್ಲಿ ಮಗ್ಗದ ಸದ್ದು, ನಡುವೆ ಇದರ ಸದ್ದು. ಗಣಪತಿ, ಬಾಳೆಕಂಬ ಅಚ್ಚಾದ ಖಾಲಿ ಕಾರ್ಡುಗಳು ಶಿವಕಾಶಿಯಿಂದ ಕಟ್ಟುಕಟ್ಟಾಗಿ ಬರುತ್ತಿದ್ದವು. ಒಳಗಿನ ಮ್ಯಾಟರು ಮಾತ್ರ ಇಲ್ಲಿ. ಒಳಗೆ ಮರದ ಕೇಸಿನ ಮುಂದೆ ಕಂಪಾಜಿಟರು ನಿಂತಿರುತ್ತಿದ್ದ. ಇಂಗ್ಲಿಷಿನವರಿಗೆ ಇಪ್ಪತ್ತಾರಕ್ಷರದ ಸುಖ. ಕನ್ನಡಕ್ಕೆ ಗುಣಿತಕ್ಕೊಂದು, ಒತ್ತಿಗೊಂದು ಅಂತ ನೂರಾರು ಮನೆ. ಅವನು ಕೇಸಿನ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ನಮ್ಮ ಚೀಟಿಯ ಮೇಲೆ, ಬೆರಳು ತಾನಾಗಿ ಹೋಗಿ ಉಲ್ಟಾ ಅಕ್ಷರದ ಸೀಸದ ಮೊಳೆಯನ್ನು ಎತ್ತಿ ಸ್ಟಿಕ್ಕಿಗೆ ಕೂರಿಸುತ್ತಿತ್ತು. ಬೆರಳ ತುದಿ ಯಾವಾಗಲೂ ಕಪ್ಪು, ಊಟಕ್ಕೆ ಕೂತರೂ ಕಪ್ಪು.

ಅವನಷ್ಟು ದೊಡ್ಡ ವಿಮರ್ಶಕನನ್ನು ನಾನು ಕಂಡಿಲ್ಲ. ಗಿರಾಕಿ ಇಪ್ಪತ್ತೆರಡು ಬಂಧುಗಳ ಪಟ್ಟಿ ಕೊಟ್ಟರೆ ಒಂದು ಸಲ ಓದಿ, ಕೇಸಿನೊಳಗೆ ಕೈಯಾಡಿಸಿ, ತಲೆ ಅಲ್ಲಾಡಿಸುತ್ತಿದ್ದ.

"ಇಷ್ಟು 'ಪ್ಪ' ಇಲ್ಲ ಸ್ವಾಮಿ."

ಮುಗಿಯಿತು. ಕೃಷ್ಣಪ್ಪ, ಮುನಿಯಪ್ಪ, ನಂಜಪ್ಪ, ಪಿಳ್ಳಪ್ಪಗಳೇ ತುಂಬಿದ ಸೀಮೆಯಲ್ಲಿ 'ಪ್ಪ' ಇಲ್ಲ ಅಂದರೆ ವಾದ ಮಾಡಲು ಏನು ಉಳಿಯುತ್ತದೆ? ಎಂಟು ಹೆಸರು ತೆಗೆದು ಹಾಕಿ ಪತ್ರಿಕೆ ಹಗುರವಾಗುತ್ತಿತ್ತು. ಬಿಟ್ಟುಹೋದ ಎಂಟು ಜನ ಕೇಳಿದರೆ, "ನಾವು ಕೊಟ್ಟಿದ್ವಪ್ಪ, ಪ್ರೆಸ್ಸಲ್ಲಿ ಮೊಳೆ ಸಾಲಲಿಲ್ಲ" ಎಂದರೆ ಸಾಕು. ಸೀಸದ ಮೇಲೆ ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ. ಪ್ರೆಸ್ಸಿನಲ್ಲಿ ನಿಜವಾಗಿ 'ಪ್ಪ' ಎಷ್ಟಿತ್ತು ಅಂತ ನಾನೊಮ್ಮೆ ಕೇಳಿದ್ದೆ. ಅವನು ಬೀಡಿ ಹಚ್ಚಿಕೊಂಡು, "ಬೇಕಾದಷ್ಟಿದೆ ಮೇಷ್ಟ್ರೇ, ಜಾಗ ಬೇಕಲ್ಲ" ಎಂದ.

1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂತು, ಹಿಂದೆಯೇ ಕನ್ನಡ ಗಣಕ ಪರಿಷತ್ತಿನ 'ನುಡಿ'. ಕನ್ನಡಕ್ಕೆ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ; ನಮ್ಮ ತಾಲ್ಲೂಕಿನ ಸಂಘಸಂಸ್ಥೆಗಳ ಕರಪತ್ರಗಳನ್ನೆಲ್ಲ ನಾನೇ ಅವುಗಳಲ್ಲಿ ಕುಟ್ಟಿದ್ದೇನೆ. ಆದರೆ ಕಂಪ್ಯೂಟರಿನಲ್ಲಿ 'ಪ್ಪ' ಖಾಲಿಯಾಗುವುದಿಲ್ಲ. ಜಾಗ ಸಾಲದಿದ್ದರೆ ಅಕ್ಷರವನ್ನು ಕುಗ್ಗಿಸಿದರಾಯಿತು. ಸುಖಾಗಮನ ಬಯಸುವವರು ಇಪ್ಪತ್ತೆರಡರಿಂದ ನಲವತ್ತಾದರು. ಅಕ್ಷರ ಸಾಸಿವೆ ಕಾಳಿಗೆ ಇಳಿಯಿತು. ಬೇಡ ಅನ್ನುವ ಕೆಲಸ ಸೀಸದಿಂದ ನನಗೆ ವರ್ಗವಾಯಿತು. ಸೀಸಕ್ಕಿದ್ದ ಗೌರವ ನನಗಿಲ್ಲ.

ಹೇಳುವ ರೀತಿಯಲ್ಲಿ ಹೇಳಿದರೆ ಕೇಳುತ್ತಾರೆ ಎನ್ನುತ್ತಾಳೆ ನನ್ನ ಹೆಂಡತಿ. ಆ ರೀತಿಯನ್ನೂ ಕಲಿತಿದ್ದೇನೆ. ಮೊದಲು ಗಣಪತಿಯನ್ನು ಹೊಗಳಬೇಕು. ಗಣಪತಿ ಶಿವಕಾಶಿಯದು, ಹೊಗಳಿದರೆ ನಷ್ಟವಿಲ್ಲ. ಮದುಮಗಳ ಅಪ್ಪನ ಹತ್ತಿರ ಏನೂ ಹೇಳಬಾರದು. ಆ ಮನುಷ್ಯನಿಗೆ ಆಗಲೇ ಛತ್ರದವರು, ಪೆಂಡಾಲಿನವರು, ಬೀಗರು ಎಲ್ಲರೂ ಹೇಳಿ ಆಗಿರುತ್ತದೆ. ಸೋದರಮಾವ ಅಡ್ಡಿಯಿಲ್ಲ, ಆದರೆ ಅವರ ಹೆಸರು ಎಲ್ಲಿದೆ ಎಂದು ಮೊದಲೇ ನೋಡಿಕೊಂಡಿರಬೇಕು. ಎಲ್ಲಕ್ಕಿಂತ ಒಳ್ಳೆಯ ದಾರಿ ಸೋದರತ್ತೆ. ಆಕೆಗೆ ಒಂದು ಮಾತು ದಾಟಿಸಿಬಿಟ್ಟರೆ ಸಂಜೆಯೊಳಗೆ ಅದು ಆಕೆಯದೇ ಐಡಿಯಾ ಆಗಿ ಇಡೀ ಮನೆಗೆ ಆಜ್ಞೆಯಾಗುತ್ತದೆ. ಛತ್ರದ ಹೆಸರನ್ನು ಮಡಿಕೆಯಿಂದ ಎರಡು ಬೆರಳು ಕೆಳಗಿಳಿಸಿದ ಪತ್ರಿಕೆಗಳು ಈ ತಾಲ್ಲೂಕಿನಲ್ಲಿ ಇವೆ, ಅವುಗಳ ಹಿಂದೆ ಇರುವುದು ಯಾರೋ ಒಬ್ಬ ಅತ್ತೆ, ಅತ್ತೆಯ ಹಿಂದೆ ನಾನು.

ಒಮ್ಮೆ ಮಾತ್ರ ಈ ಯಾವ ಉಪಾಯವೂ ನಡೆಯಲಿಲ್ಲ. ಪಕ್ಕದ ಬೀದಿಯ ಮಗ್ಗದವರು, ಹತ್ತು ಜನರಿಗೆ ಕೆಲಸ ಕೊಟ್ಟವರು, ಮಗಳ ಪತ್ರಿಕೆ ತಂದಿದ್ದರು. ಎರಡು ಪುಟದ ತುಂಬ ಹೆಸರು. ನಾನು ನೇರವಾಗಿಯೇ ಕೇಳಿದೆ, "ಅಲ್ಲ, ನೇಯೋವಾಗ ನೀವು ಹಿಂಗೆ ಬಿಡ್ತೀರಾ?"

"ಸೀರೆ ವಿಷಯ ಬೇರೆ ಸಾ" ಎಂದರು ಅವರು, ಸ್ವಲ್ಪವೂ ಸಿಟ್ಟಿಲ್ಲದೆ. "ಚಿಕ್ಕಪೇಟೆ ಅಂಗಡಿಯೋರು ಸೀರೆ ನೋಡಿ ಬಾರ್ಡರು ಜಾಸ್ತಿ ಆಯ್ತು ಅಂತಾರೆ, ಕಲರು ಹೊಡೀತದೆ ಅಂತಾರೆ. ಮುಂದಿನ ಸೀರೇಲಿ ಬದಲಾಯಿಸ್ತೀವಿ. ನಮಗೇನು, ದುಡ್ಡು ಬಂದ್ರೆ ಆಯ್ತು. ಇದರಲ್ಲಿ ಒಂದು ಹೆಸರು ಕೆಳಗೆ ಹೋದ್ರೆ ನಮ್ಮ ಭಾವ ಇನ್ನು ಹತ್ತು ವರ್ಷ ಮನೆ ಮೆಟ್ಲು ಹತ್ತಲ್ಲ. ಬಸ್ಸಲ್ಲಿ ಬರೋರು ಹೆಂಗೋ ಕೇಳ್ಕೊಂಡು ಬರ್ತಾರೆ ಬಿಡಿ."

ಕೇಳಿಕೊಂಡು ಬಂದೇ ಬರುತ್ತಾರೆ, ಅದು ಸರಿ. ಆದರೂ ಕೇಳಿಕೊಂಡು ಬರುವವರಿಗೆ ಪತ್ರಿಕೆ ಯಾತಕ್ಕೆ? ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ರೀತಿ ಮದುವೆಯಾದರೆ ಒಂದು ಅಂಚೆ ಕಾರ್ಡು ಸಾಕು ಎಂದು ನಾನು ಅಂದೆ. ಅವರು ನಗುತ್ತಾ ಒಳಜೇಬಿನಿಂದ ಇನ್ನೊಂದು ಚೀಟಿ ತೆಗೆದರು. ಬೀಗರ ಔತಣದ್ದು. ಅಂಗೈಯಗಲ. ದಿನ, ಹೊತ್ತು, ಜಾಗ, ಒಂದು ಫೋನ್ ನಂಬರು. ದೇವರಿಲ್ಲ, ಸಂವತ್ಸರವಿಲ್ಲ, ಭಾವನಿಲ್ಲ. ಕಪ್ಪಕ್ಷರ, ಬಿಳಿ ಕಾಗದ. ಹೀಗಲ್ಲವೇ ಇರಬೇಕಾದ್ದು ಎಂದು ಅದನ್ನು ನಾನು ಹೊಗಳಿದ್ದೇ ಹೊಗಳಿದ್ದು. ಬಾಡೂಟದ ಆಸೆಗೆ ಹೊಗಳಿದನೆಂದು ಅವರ ಮನೆಯಲ್ಲಿ ಇಂದಿಗೂ ಹೇಳಿಕೊಳ್ಳುತ್ತಾರಂತೆ.

ಆ ಓಣಿಯ ಪ್ರೆಸ್ಸು ಮುಚ್ಚಿ ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ. ಕೇಸುಗಳು ಸೌದೆಯಾದವು, ಮೊಳೆ ಗುಜರಿಗೆ ಹೋಯಿತು, ಅಷ್ಟೂ 'ಪ್ಪ'ಗಳ ಸಮೇತ. ಪ್ರೂಫು ಹಿಡಿದು ಬರುವವರೂ ಕಡಿಮೆಯಾಗಿದ್ದಾರೆ. ಕಾಗದದ ಪತ್ರಿಕೆಯನ್ನು ದೇವರ ಮುಂದಿಡಲು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಹಿರಿಯರಿಗೆ ಕೊಡಲು ಒಂದಷ್ಟು ಮಾಡಿಸುತ್ತಾರೆ. ಉಳಿದವರಿಗೆಲ್ಲ ವಾಟ್ಸಾಪಿನಲ್ಲಿ ವಿಡಿಯೋ. ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮದುವೆಯದು ಕಳಿಸಿ "ಫೀಡ್‌ಬ್ಯಾಕ್ ಪ್ಲೀಸ್ ಸಾರ್" ಎಂದು ಬರೆದಿದ್ದ. ಓಲಗ, ಹೂವಿನ ಮಳೆ, ಆನೆಗಳು, ಅರಮನೆಯ ಬಾಗಿಲು ತೆರೆದುಕೊಳ್ಳುವುದು. ಛತ್ರದ ಹೆಸರು ಮಿಂಚಿ ಮಾಯ. ಮೂರು ಸಲ ನೋಡಿ ಉದ್ದಕ್ಕೆ ಬರೆದೆ: ಊರಿನ ಹೆಸರು ಕಣ್ಣಿಗೆ ನಿಲ್ಲುವಷ್ಟು ಹೊತ್ತಿರಲಿ, ತಾಲ್ಲೂಕು ಹಾಕು, ಆನೆ ಕಡಿಮೆ ಮಾಡು, ಮುಹೂರ್ತದ ಅಂಕಿಗಳ ಹಿಂದೆ ಹೂ ಉದುರಿಸಬೇಡ. ಒಂದು ಹೆಬ್ಬೆರಳು ಬಂತು.

ರಾತ್ರಿ ಅವನ ತಾಯಿಯೇ ಫೋನು ಮಾಡಿದರು. "ಮೇಷ್ಟ್ರೇ, ವಿಡಿಯೋ ನೋಡಿದ್ರಂತಲ್ಲ. ನಿಮ್ಮ ಮಾತಂದ್ರೆ ನಮ್ಮ ಹುಡುಗಂಗೆ ಬಲೇ ಮರ್ಯಾದೆ. ಒಂದು ಮಾತು ಹೇಳ್ತೀರಾ? ನಮ್ಮಣ್ಣನ ಹೆಸರು ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ. ನಮ್ಮ ಯಜಮಾನ್ರ ಅತ್ತಿಗೇದು ನೋಡಿ, ಎಷ್ಟೊತ್ತು ನಿಂತ್ಕೊಂಡೈತೆ!"

ಗಡಿಯಾರ ಇಟ್ಟುಕೊಂಡು ಮತ್ತೆ ನೋಡಿದೆ. ಆಕೆ ಹೇಳಿದ್ದು ನಿಜ. ಅತ್ತಿಗೆಗೆ ನಾಲ್ಕು ಸೆಕೆಂಡು, ಅಣ್ಣನಿಗೆ ಒಂದೂವರೆ. ಹುಡುಗನಿಗೆ ಬರೆದೆ: ಮಾವನಿಗೆ ನಾಲ್ಕು ಮಾಡು, ಬೇಕಾದರೆ ಒಂದು ಆನೆ ತೆಗೆ.