ಟಾಟಾ ಇನ್‌ಸ್ಟಿಟ್ಯೂಟಿನ ಅಂಗಳದಲ್ಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಊರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಮುಂಬಯಿ ಕನ್ನಡಿಗರಾದ ನಮಗೆ ಆ ಹೆಸರಿನಲ್ಲೊಂದು ನಂಟಿದೆ. ಸಂಸ್ಥೆಯ ಕನಸು ಮುಂಬಯಿಯ ಜಮ್‌ಷೇಟ್‌ಜಿ ಟಾಟಾ ಅವರದು. 371 ಎಕರೆ ನೆಲ ಮೈಸೂರು ಸಂಸ್ಥಾನದ್ದು. 1904ರಲ್ಲಿ ತೀರಿಕೊಂಡ ಟಾಟಾ, 1909ರಲ್ಲಿ ಹುಟ್ಟಿದ ಸಂಸ್ಥೆಯನ್ನು ಕಾಣಲಿಲ್ಲ. ಮುಖ್ಯ ಕಟ್ಟಡದ ಮುಂದೆ ಅವರ ಪ್ರತಿಮೆ ನಿಂತಿದೆ.

ಕಳೆದ ಬೇಸಗೆಯಲ್ಲಿ ನನ್ನ ತಂಗಿಗೆ ಅಲ್ಲಿಂದ ಪಿಎಚ್.ಡಿ. ಸಂದರ್ಶನಕ್ಕೆ ಕರೆ ಬಂತು. ಕಚೇರಿಗೆ ನಾಲ್ಕು ದಿನ ರಜೆ ಹಾಕಿ, ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಅವಳೊಡನೆ ಹೊರಟೆ. "ಮದುವೆಯ ವಯಸ್ಸಿನ ಹುಡುಗಿಗೆ ಇನ್ನೂ ಐದು ವರ್ಷ ಓದೇ?" ಎಂದು ಬಂಧುಗಳು ಆಗಲೇ ಕೇಳಿದ್ದರು. ಈ ಸಲ ಕೈತಪ್ಪಿದರೆ ಮತ್ತೊಮ್ಮೆ ಕಳುಹಿಸುವ ಧೈರ್ಯ ಅಮ್ಮನಿಗೆ ಉಳಿಯುತ್ತಿತ್ತೋ ಇಲ್ಲವೋ!

ಪರೀಕ್ಷೆಯ ಅಂಕಗಳು ಬಾಗಿಲವರೆಗೆ ಮಾತ್ರ ಕರೆದೊಯ್ಯುತ್ತವೆ. ಒಳಗೆ ಕೇಳುವುದು ಮೂಲಪಾಠ. ಆದ್ದರಿಂದ ದಾರಿಯುದ್ದಕ್ಕೂ ನಮ್ಮದು ಒಂದೇ ಆಟ: ಬಿ.ಎ. ಓದಿದ ಗುಮಾಸ್ತನಿಗೆ ತಿಳಿಯುವಂತೆ ಅವಳು ಜೀವರಸಾಯನವನ್ನು ಕನ್ನಡದಲ್ಲಿ ಹೇಳಬೇಕು. ಕಿಣ್ವದ ಕ್ರಿಯೆಯ ವೇಗ ಮೊದಲು ಏರಿ, ಆಮೇಲೆ ಏಕೆ ನಿಲ್ಲುತ್ತದೆ ಎಂದು ಕೇಳಿದೆ. "ನಿಮ್ಮ ಕಚೇರಿಯ ಹಾಗೆಯೇ ಅಣ್ಣ! ಗುಮಾಸ್ತರೆಲ್ಲರ ಕೈಯಲ್ಲೂ ಕಡತವಿದ್ದ ಮೇಲೆ, ಹೊರಗೆ ಸಾಲು ಎಷ್ಟು ಬೆಳೆದರೂ ಕೆಲಸದ ವೇಗ ಹೆಚ್ಚದು" ಎಂದಳು. ರಾಯಚೂರು ದಾಟುವ ಹೊತ್ತಿಗೆ ನನಗೂ ಕಿಣ್ವ ಅರ್ಥವಾಗಿತ್ತು.

ಮರುದಿನ ಅವಳು ಒಳಗೆ ಹೋದಾಗ ನಾನು ಮರದ ನೆರಳಿನಲ್ಲಿ ಕುಳಿತೆ. 1933ರಲ್ಲಿ ಮುಂಬಯಿಯಿಂದಲೇ ಇಲ್ಲಿಗೆ ಬಂದ ಕಮಲಾ ಭಾಗವತ್ ನೆನಪಾದರು. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷದ ಪರೀಕ್ಷಾರ್ಥ ಷರತ್ತಿನ ಮೇಲೆ ಸೇರಿದ ಅವರು 1939ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟ್ ಪಡೆದರು. ಮುಂದೆ ಕಮಲಾ ಸೊಹೋನಿ ಎಂದು ಹೆಸರಾದರು.

ತಂಗಿ ಹೊರಬಂದಾಗ ಕೈಯೆಲ್ಲ ಸುಣ್ಣದ ಕಡ್ಡಿಯ ಪುಡಿ. ಕಪ್ಪು ಹಲಗೆಯ ಮೇಲೆ ನಕ್ಷೆ ಬರೆಸಿದರಂತೆ. ಒಂದು ಪ್ರಶ್ನೆಗೆ "ತಿಳಿಯದು" ಎಂದಳಂತೆ. ಅವರು ಗದರಲಿಲ್ಲ, ಸಣ್ಣ ಸುಳಿವು ಕೊಟ್ಟರು, ಅದನ್ನು ಹಿಡಿದು ಇವಳೇ ಉತ್ತರ ತಲುಪಿದಳು.

ಕೆಲವು ವಾರಗಳ ಬಳಿಕ ಪಟ್ಟಿಯಲ್ಲಿ ಅವಳ ಹೆಸರು ಬಂತು. ಅಮ್ಮ ಈಗ ಬಂಧುಗಳಿಗೆ ತಾನೇ ಉತ್ತರ ಹೇಳುತ್ತಾಳೆ. ವಾಚಕರೇ, ನಿಮ್ಮ ಮಕ್ಕಳಿಗೂ ಇಂಥ ಕರೆ ಬಂದರೆ, ಓದಿದ್ದನ್ನು ಮನೆಯಲ್ಲಿ ಒಬ್ಬರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿಸಿರಿ. ಅಡುಗೆಮನೆಯಲ್ಲಿ ತಿಳಿಸಬಲ್ಲವರು ಹಲಗೆಯ ಮುಂದೆ ಅಷ್ಟಾಗಿ ತಡವರಿಸರು.